ಸಭಾಪಾಲಕರ ಶನಿವಾರ

ಸಭಾಪಾಲಕರಿಗೆ ವಾರದಲ್ಲಿ ಒಂದೇ ದಿನದ ಕೆಲಸವೆಂದು ಹೇಳುವವರು ನಮ್ಮ ಜನರಲ್ಲಿ ಕಡಿಮೆಯಿಲ್ಲ. ರವಿವಾರ ಮುಂಜಾನೆ ಅರ್ಧ ತಾಸು ಪ್ರಸಂಗ ಮಾಡಿ, ಪ್ರಾರ್ಥನೆಗಳನ್ನು ನಡಿಸಿ, ಬಾಗಿಲಲ್ಲಿ ನಿಂತು ಎಲ್ಲರ ಕೈ ಹಿಡಿದು ಕುಶಲ ಕೇಳಿದರೆ ಅವರ ವಾರವು ಮುಗಿಯಿತೆಂದು ಇವರ ತಿಳುವಳಿಕೆ. ಈ ಮಾತು ಬರಿಯ ವಿನೋದವಾಗಿದ್ದರೆ ನಾವು ಸುಮ್ಮನಿರಬಹುದಾಗಿತ್ತು. ಆದರೆ ವಿನೋದವು ಬರಬರುತ್ತ ನಂಬಿಕೆಯಾಗಿ, ಆ ನಂಬಿಕೆಯಿಂದ ಸಭೆಗಳಿಗೂ ಮನೆಗಳಿಗೂ, ಕಡೆಗೆ ಶಾಲೆಗಳಿಗೂ ನಷ್ಟವುಂಟಾಗುತ್ತಿರುವುದರಿಂದ, ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಸಭಾಪಾಲಕರ ಮನೆಗಳ ಹೆಣ್ಣುಮಕ್ಕಳು. ಕೆಲವರು ಈಗ ಅಂಥ ಮನೆಗಳ ಗೃಹಿಣಿಯರು. ನಾವು ಹೇಳುವುದು ಅವರಿಗೆ ಹೊಸದಲ್ಲ. ಉಳಿದ ಪಾಲಕರಿಗೆ ಮಾತ್ರ ಅದು ಹೊಸದಾಗಿ ತೋರಬಹುದು.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೆನಸಬೇಕು. ೧೮೨೦ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರರು ಬೆಳಗಾವಿಯಲ್ಲಿ ಕೆಲಸವನ್ನಾರಂಭಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಅಮೆರಿಕದ ಮೆಥಡಿಸ್ಟರ ಕೈಗೆ ಬಂದಿತು. ಉತ್ತರದಲ್ಲಿ ರಾಯಲ್ ವೈಲ್ಡರರು ೧೮೫೨ರಲ್ಲಿ ಕೊಲ್ಹಾಪುರಕ್ಕೆ ಬಂದರು. ಒಂದು ಕಡೆಯಿಂದ ಕನ್ನಡದ ಸುವಾರ್ತೆಯೂ ಮತ್ತೊಂದು ಕಡೆಯಿಂದ ಮರಾಠಿಯ ಸುವಾರ್ತೆಯೂ ಬಂದು ಕೂಡಿದ ಗಡಿನಾಡು ನಮ್ಮದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳಲ್ಲಿ ನಮ್ಮ ಜನರು ಒಂದೇ ಊರಿನಲ್ಲಿ ಗುಂಪಾಗಿಲ್ಲ. ಇಲ್ಲಿ ನಾಲ್ಕು ಮನೆ, ಅಲ್ಲಿ ಎಂಟು ಮನೆಯಾಗಿ ಚದರಿಕೊಂಡಿದ್ದಾರೆ. ರೈಲು ಹಾದಿಯಾದರೋ ಮಿರಜಿನಿಂದ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೇಲೆ ಘಟಪ್ರಭೆಯತ್ತ ಹೋಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಪಟ್ಟಣಗಳನ್ನು ಅದು ಮುಟ್ಟುವುದಿಲ್ಲ. ಆದುದರಿಂದ ಇಲ್ಲಿಯ ಸಭಾಪಾಲಕರಿಗೆ ರಸ್ತೆಯೇ ಗತಿ. ರವಿವಾರ ಎರಡು ಮೂರು ಊರುಗಳಲ್ಲಿ ಆರಾಧನೆ ನಡೆಯಬೇಕಾದರೆ ಶನಿವಾರದಲ್ಲಿಯೇ ಎಲ್ಲವೂ ಸಿದ್ಧವಾಗಿರತಕ್ಕದ್ದು.

ಇಂಥ ಒಂದು ಶನಿವಾರವನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಬೆಳಕು ಹರಿಯುವುದರೊಳಗೆ ಅಯ್ಯನವರು ಸೈಕಲ್ಲು ಹೊರಗೆ ತೆಗೆಯುತ್ತಾರೆ. ಸಭೆಗೆ ಒಂದು ಹಳೆಯ ಮೋಟಾರು ಇದ್ದರೂ ಮುಂಜಾನೆಯ ಭೇಟಿಗಳಿಗೆ ಅದನ್ನು ತೆಗೆಯುವುದಿಲ್ಲ. ಅದಕ್ಕೆ ಪೆಟ್ರೋಲಿನ ಖರ್ಚು ಒಂದು ಕಾರಣವಷ್ಟೆ. ಕಬ್ಬಿನ ತೋಟಗಳ ನಡುವಣ ಕಾಲುಹಾದಿಯಲ್ಲಿ ಮೋಟಾರು ಹೋಗದು. ಹೋದರೂ ಅದು ಬಂದಿತೆಂದರೆ ಮನೆಯವರು ಗಾಬರಿಯಿಂದ ಚಾಪೆ ಹಾಸುವುದಕ್ಕೂ ಚಹಾ ಕಾಸುವುದಕ್ಕೂ ತೊಡಗುತ್ತಾರೆ. ಸೈಕಲ್ಲಿನ ಮೇಲೆ ಬಂದವನನ್ನಾದರೋ ಹೊಲದಲ್ಲಿದ್ದವರು ಹೊಲದಿಂದಲೇ ಕೂಗಿ ಕರೆಯುತ್ತಾರೆ. ನಡುದಾರಿಯಲ್ಲಿ ಒಂದು ಕಾಲನ್ನು ನೆಲಕ್ಕೂರಿ ನಿಂತರೆ ಸಾಕು, ಮಾತು ನಡೆಯುತ್ತದೆ. ಮಗನು ಕಾರಖಾನೆಯ ಕೆಲಸ ಬಿಟ್ಟುದು, ಸೊಸೆಯು ತವರಿಗೆ ಹೋದವಳು ಬಾರದಿರುವುದು, ಸಾಲದವನು ಬಾಗಿಲಿಗೆ ಬಂದುದು, ಇವೆಲ್ಲ ದೇವಾಲಯದ ಬಾಗಿಲಲ್ಲಿ ಹೊರಬೀಳದ ಸಂಗತಿಗಳು. ಬದುವಿನ ಮೇಲೆ ಹೊರಬೀಳುತ್ತವೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಈ ತಿರುಗಾಟವು ಸುಲಭವಲ್ಲ. ಉಗಾರದ ಸಕ್ಕರೆ ಕಾರಖಾನೆಯು ೧೯೩೯ರಲ್ಲಿ ಸ್ಥಾಪಿತವಾಯಿತು. ಆ ಮೇಲೆ ಈ ಸೀಮೆಯಲ್ಲಿ ಕಾರಖಾನೆಗಳು ಹೆಚ್ಚಿದವು, ಕಬ್ಬೂ ಹೆಚ್ಚಿತು. ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ತುಂಬಿಕೊಂಡು ಬರುವಾಗ ಸೈಕಲ್ಲಿನವನು ಇಳಿದು ಪಕ್ಕಕ್ಕೆ ನಿಲ್ಲಲೇಬೇಕು. ಮಳೆಗಾಲದ ಕಷ್ಟ ಬೇರೆ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಮಹಾಬಳೇಶ್ವರದ ಘಟ್ಟದಲ್ಲಿ ಮಳೆ ಸುರಿದು ಕೊಯನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಕೃಷ್ಣೆಯು ಏರುತ್ತದೆ. ವೇದಗಂಗೆ ದೂಧಗಂಗೆಗಳೂ ತುಂಬುತ್ತವೆ. ಕಲ್ಲೋಳ-ಯಡೂರ, ಅಕ್ಕೋಳ-ಸಿದ್ನಾಳ, ಜತ್ರಾಟ-ಭಿವಶಿಗಳಂಥ ತಗ್ಗಿನ ಸೇತುವೆಗಳು ಎಷ್ಟೋ ಮಳೆಗಾಲಗಳಲ್ಲಿ ನೀರಿನಡಿಯಾಗಿವೆ. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಊರಿಗೆ ಊರೇ ಎದ್ದು ಪರಿಹಾರದ ಕೇಂದ್ರಗಳನ್ನು ಸೇರಿದುದನ್ನು ಯಾರೂ ಮರೆತಿಲ್ಲ. ಯಾವ ದಾರಿ ತೆರೆದಿದೆ, ಯಾವ ದಾರಿ ಮುಚ್ಚಿದೆ ಎಂಬುದನ್ನು ಶನಿವಾರದಲ್ಲಿ ತಿಳಿದುಕೊಳ್ಳದ ಸಭಾಪಾಲಕನು ರವಿವಾರ ನದಿಯ ಈಚೆಯ ದಡದಲ್ಲಿ ನಿಂತು ಆಚೆಯ ಸಭೆಗಾಗಿ ಪ್ರಾರ್ಥಿಸಬೇಕಾದೀತು.

ರೋಗಿಗಳ ಭೇಟಿಯೂ ಈ ದಿನದ್ದೇ. ಕಾಗವಾಡ ಅಥಣಿಗಳ ಕಡೆಯವರು ದೊಡ್ಡ ಬೇನೆಯಾದರೆ ಮಿರಜಿಗೆ ಹೋಗುವುದು ಹಳೆಯ ರೂಢಿ. ಡಾಕ್ಟರ್ ವಾನ್ಲೆಸ್ಸರು ೧೮೯೪ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಗಡಿಯೆಂಬುದು ರೋಗಿಗೆ ಅಡ್ಡ ಬಂದಿಲ್ಲ. ಸಭೆಯವರೊಬ್ಬರು ಆ ಊರಿನಲ್ಲಿ ಮಲಗಿದ್ದರೆ ಅಯ್ಯನವರು ಹೋಗಿ ನೋಡಿ ಬರಬೇಕು. ಹೋಗದಿದ್ದರೆ ಆ ಮನೆಯವರು ಹತ್ತು ವರ್ಷ ಅದನ್ನು ಮರೆಯುವುದಿಲ್ಲ.

ಮಧ್ಯಾಹ್ನದಲ್ಲಿ ರಿಪೇರಿಯ ಸರದಿ. ಜಾಲಿಯ ಮುಳ್ಳು ಚುಚ್ಚಿ ಸೈಕಲ್ಲಿನ ಗಾಲಿ ಇಳಿದಿದೆ; ವಾರವೆಲ್ಲ ನಿಂತಿದ್ದ ಮೋಟಾರು ಚಾಲೂ ಆಗದು. ಅಂಗಳದಲ್ಲಿ ಗೋಣಿಯ ತಟ್ಟನ್ನು ಹಾಸಿ, ತೋಳು ಮಡಿಸಿ, ಪಾನಾಗಳನ್ನು ಸಾಲಾಗಿಟ್ಟುಕೊಂಡು ಅಯ್ಯನವರು ಕುಳಿತುಕೊಳ್ಳುತ್ತಾರೆ. ಬ್ಯಾಟರಿಯ ತುದಿಗಳಿಗೆ ಹತ್ತಿದ ಬಿಳಿಹಸುರು ಉಪ್ಪನ್ನು ತಂತಿ ಬಿಚ್ಚಿ ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿಮಾಡಿ, ಮೇಲೆ ಸ್ವಲ್ಪ ಗ್ರೀಸು ಸವರಿದರೆ ಎಷ್ಟೋ ಸಲ ಅಷ್ಟಕ್ಕೇ ಯಂತ್ರವು ಎಚ್ಚರಾಗುತ್ತದೆ. ಗಾಳಿ ಸೋಸುವ ಜಾಳಿಗೆಯಲ್ಲಿ ಕಬ್ಬಿನ ರಸ್ತೆಯ ಧೂಳು ತುಂಬಿದ್ದರೆ ಅದನ್ನು ತೆಗೆದು ಬಡಿಯಬೇಕು. ಫ್ಯಾನಿನ ಪಟ್ಟಿ ಸೀಳಿದೆಯೋ, ರೇಡಿಯೇಟರಿನಲ್ಲಿ ನೀರಿದೆಯೋ ನೋಡಬೇಕು. ಇವು ದೊಡ್ಡ ವಿದ್ಯೆಗಳಲ್ಲ. ಆದರೆ ಇವನ್ನು ಶನಿವಾರ ನೋಡದವನು ರವಿವಾರ ಮುಂಜಾನೆ ನಡುದಾರಿಯಲ್ಲಿ ಬಿಳಿಯ ನಿಲುವಂಗಿಯೊಡನೆ ನೋಡುತ್ತಾನೆ.

ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಎಣ್ಣೆಯ ಕೈಯಿಂದ ರೊಟ್ಟಿ ಮುರಿಯುವುದೇ, ಸಭಾಪಾಲಕರೆಂದರೆ ಒಂದು ಗಾಂಭೀರ್ಯ ಬೇಡವೇ, ನಾಲ್ಕು ರೂಪಾಯಿ ಕೊಟ್ಟು ಮಿಸ್ತ್ರಿಯನ್ನು ಕರೆಯಬಾರದೇ ಎಂದು ಅವರು ಕೇಳುತ್ತಾರೆ. ಮಿಸ್ತ್ರಿಯನ್ನು ಕರೆಯಬೇಕಾದ ಕೆಲಸಕ್ಕೆ ಕರೆಯಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ಗಾಂಭೀರ್ಯದ ಮಾತಿಗೆ ನಮ್ಮ ಉತ್ತರವುಂಟು. ನಮ್ಮ ಕರ್ತನು ಬಡಗಿಯ ಮನೆಯಲ್ಲಿ ಬೆಳೆದವನು. ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರದ ಕೆಲಸ ಮಾಡುತ್ತಲೇ ಸಬ್ಬತ್ತಿನಲ್ಲಿ ಸಭಾಮಂದಿರದಲ್ಲಿ ವಾದಿಸಿದನು. ಆ ಮನೆಯಲ್ಲಿ ಪ್ರಿಸ್ಕಿಲ್ಲಳೂ ಅದೇ ಕಸಬಿನವಳೆಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸತಕ್ಕದ್ದು. ನಮ್ಮ ನಾಡಿನ ಶರಣರಾದರೋ ಕಾಯಕವನ್ನು ಭಕ್ತಿಯಿಂದ ಬೇರೆಮಾಡಲೇ ಇಲ್ಲ.

ಹತ್ತಿರದ ದೃಷ್ಟಾಂತಗಳೂ ಇವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ಯಂತ್ರವಿದ್ಯಾಶಾಲೆಯಲ್ಲಿ ಶಿಕ್ಷಕರಾಗಿದ್ದವರು. ಅಣ್ಣನವರೊಡನೆ ಬೆಳಗಾವಿಯಲ್ಲಿ ನಡಿಸಿದ ಸೈಕಲ್ಲಿನ ಅಂಗಡಿಯೇ, ೧೮೮೮ರಲ್ಲಿ ಆರಂಭವಾದುದು, ಮುಂದೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ, ೧೯೧೦ರಲ್ಲಿ ಕಿರ್ಲೋಸ್ಕರವಾಡಿ, ಇವೆಲ್ಲಕ್ಕೂ ಮೂಲವಾಯಿತು. ಶಿಕ್ಷಕರೊಬ್ಬರು ಸೈಕಲ್ಲಿನ ಗಾಲಿಗೆ ಕೈ ಹಚ್ಚಿದುದರಿಂದ ನಾಡಿಗೆ ನಷ್ಟವಾಗಲಿಲ್ಲ. ಅಥಣಿ ನಿಪ್ಪಾಣಿಗಳ ಕಡೆಯ ಚಮ್ಮಾರರು ಕೈಯಿಂದಲೇ ಮಾಡುವ ಚಪ್ಪಲಿಗಳಿಗೆ, ಕೊಲ್ಹಾಪುರದ ಹೆಸರಿನೊಡನೆ, ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಅದರಲ್ಲಿ ಪಾಲುಂಟು. ಲೋಕವು ಮೆಚ್ಚಿ ಕೊಳ್ಳುವ ಕೈಗೆಲಸವನ್ನು ನಮ್ಮ ನೆರೆಯವರು ಮಾಡುತ್ತಿರುವಾಗ, ಕೈಗೆಲಸವನ್ನು ಕೀಳೆಂದು ತಿಳಿಯುವ ಅಧಿಕಾರ ನಮಗೆಲ್ಲಿಂದ ಬಂದಿತು?

ಸಂಜೆಗೆ ಪ್ರಸಂಗದ ಸಿದ್ಧತೆ. ವೇದವಾಕ್ಯವನ್ನು ಸೋಮವಾರವೇ ಆರಿಸಿಕೊಂಡು ವಾರವೆಲ್ಲ ಮನಸ್ಸಿನಲ್ಲಿ ತಿರುವಿದ್ದರೂ, ಮಾತುಗಳನ್ನು ಕ್ರಮಪಡಿಸಿ ಕಾಗದಕ್ಕಿಳಿಸುವುದು ಶನಿವಾರದ ದೀಪದ ಬಳಿಯಲ್ಲೇ. ಮುಂಜಾನೆಯ ಸೈಕಲ್ಲೂ ಮಧ್ಯಾಹ್ನದ ರಿಪೇರಿಯೂ ಈ ಕೆಲಸಕ್ಕೆ ವಿಘ್ನಗಳೆಂದು ಮೇಲುನೋಟಕ್ಕೆ ತೋರೀತು. ನಮ್ಮ ಅಭಿಪ್ರಾಯವು ಹಾಗಲ್ಲ. ಅವೇ ಇದಕ್ಕೆ ಬುನಾದಿ. ಪಂಕ್ಚರು ತೆಗೆಯುವವನು ಮೊದಲು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆಯೇಳುವ ಜಾಗವನ್ನು ಹುಡುಕುತ್ತಾನೆ. ಬಳಿಕ ಟಾಯರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುಂಡು ಉಳಿದಿದೆಯೋ ಎಂದು ನೋಡುತ್ತಾನೆ. ಮುಳ್ಳು ಉಳಿದರೆ ತೇಪೆ ಹಾಕಿ ಪ್ರಯೋಜನವಿಲ್ಲ, ಮರುದಿನ ಅಲ್ಲಿಯೇ ತೂತು. ಜಾಗವನ್ನು ಉಜ್ಜಿ, ಸೊಲ್ಯೂಶನ್ ಹಚ್ಚಿ, ಅದು ಆರುವ ತನಕ ಕಾಯುತ್ತಾನೆ. ಅವಸರದಿಂದ ಒದ್ದೆಯ ಮೇಲೆ ಒತ್ತಿದ ತೇಪೆ ಹಿಡಿಯದು. ಪ್ರಸಂಗಕ್ಕೂ ಇದೇ ನಿಯಮ. ಸಭೆಯಲ್ಲಿ ನೋವು ಎಲ್ಲಿದೆಯೆಂದು ತಿಳಿಯದೆ, ಅದರ ಮೂಲವಾದ ಮುಳ್ಳನ್ನು ತೆಗೆಯದೆ, ಒಳ್ಳೆಯ ಮಾತುಗಳ ತೇಪೆಯನ್ನು ಮೇಲೆ ಒತ್ತಿದರೆ ಅದು ಮುಂದಿನ ಬುಧವಾರದ ವರೆಗೂ ನಿಲ್ಲುವುದಿಲ್ಲ. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಮಾತು ಬಿಟ್ಟಿರುವ ಊರಿನಲ್ಲಿ ಸಹೋದರ ಪ್ರೀತಿಯನ್ನು ಕುರಿತು ಬೋಧಿಸುವವನು ಆ ಬದುವನ್ನು ಒಮ್ಮೆಯಾದರೂ ಕಂಡಿರಬೇಕು.

ಈಗಿನ ಕಾಲದಲ್ಲಿ ಮೊಬೈಲನ್ನು ಒತ್ತಿದರೆ ಸಿದ್ಧವಾದ ಪ್ರಸಂಗಗಳು ಎಷ್ಟು ಬೇಕಾದರೂ ದೊರೆಯುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಓದಿದರೆ ದೋಷವಿಲ್ಲ. ಆದರೆ ಬೇರೆ ದೇಶದ ಪಟ್ಟಣದಲ್ಲಿ ಬೇರೆಯವರ ಕಷ್ಟಕ್ಕಾಗಿ ಬರೆದುದನ್ನು ತಂದು ಕಬ್ಬಿನ ಗ್ಯಾಂಗಿನಲ್ಲಿ ದುಡಿದು ಬಂದವರ ಮುಂದೆ ಓದಿದರೆ, ಅದು ಅವರ ಕಿವಿಗೆ ಬೀಳುತ್ತದೆಯೇ ಹೊರತು ಮನಸ್ಸಿಗೆ ತಾಕುವುದಿಲ್ಲ. ಭಾಷೆಯ ತೊಡಕೂ ಸಣ್ಣದಲ್ಲ. ಅಥಣಿಯ ಕಡೆ ಕನ್ನಡ, ನಿಪ್ಪಾಣಿಯ ಕಡೆ ಮನೆಯಲ್ಲಿ ಮರಾಠಿ. ಒಂದೇ ಬೆಂಚಿನ ಮೇಲೆ ಎರಡೂ ಕುಳಿತಿರುತ್ತವೆ. ಅಜ್ಜಿಗೂ ಮೊಮ್ಮಗಳಿಗೂ, ಕನ್ನಡದವರಿಗೂ ಮರಾಠಿಯವರಿಗೂ ತಿಳಿಯುವ ಸರಳ ಮಾತನ್ನು ಹುಡುಕುವುದು ಕಠಿಣ ಮಾತನ್ನು ಆಡುವುದಕ್ಕಿಂತ ಬಹಳ ಕಷ್ಟ. ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು, ಅವರೂ ರೀವ್ ಮೊದಲಾದವರೂ ಶ್ರಮಪಟ್ಟು ಸತ್ಯವೇದವೆಲ್ಲ ಕನ್ನಡವಾಗುವುದಕ್ಕೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಒಂದು ಗ್ರಂಥವನ್ನು ನಮ್ಮ ಮಾತಿಗೆ ತರಲು ಅಷ್ಟು ಕಾಲ ಬೇಕಾದರೆ, ಅದರ ಒಂದು ವಾಕ್ಯವನ್ನು ನಮ್ಮ ಬಾಳಿಗೆ ತರಲು ಶನಿವಾರದ ಮೂರು ತಾಸು ಹೆಚ್ಚೇನು? ಪೌಲನ ಪ್ರಸಂಗದಲ್ಲಿಯೇ ಯೂತಿಖನು ತೂಕಡಿಸಿ ಕಿಟಕಿಯಿಂದ ಬಿದ್ದನು. ಸಿದ್ಧತೆಯಿಲ್ಲದ ಪ್ರಸಂಗದಲ್ಲಿ ನಮ್ಮ ದೇವಾಲಯಗಳ ಕಿಟಕಿಗಳು ತಗ್ಗಾಗಿರುವುದೇ ಪುಣ್ಯ.

ಹೀಗಿರಲಾಗಿ ಸಭೆಯವರ ಕರ್ತವ್ಯವೇನು? ಅಯ್ಯನವರ ಶನಿವಾರವನ್ನು ಕದಿಯಬಾರದು. ಮೋಟಾರಿದೆಯೆಂದು ಸ್ಟೇಶನ್ನಿಗೆ ನೆಂಟರನ್ನು ಮುಟ್ಟಿಸುವುದಕ್ಕೂ, ಸಂತೆಯ ಗಂಟನ್ನು ತರುವುದಕ್ಕೂ ಅವರನ್ನು ಕರೆಯುವ ಪದ್ಧತಿ ಕೆಲವೆಡೆ ಬೆಳೆದಿದೆ. ಸಂಜೆ ಏಳು ಗಂಟೆಗೆ ಒಂದು ಕಮಿಟಿ, ಎಂಟಕ್ಕೆ ಮದುವೆಯ ಮಾತುಕತೆ, ಒಂಬತ್ತಕ್ಕೆ ಮುಗಿಯದ ತಕರಾರು; ಇವುಗಳ ಮೇಲೆ ಮರುದಿನ ಪ್ರಸಂಗವು ಸಪ್ಪೆಯಾಯಿತೆಂಬ ದೂರು! ಕೆಲಸದ ದಿನದಲ್ಲಿ ಕೆಲಸ ಮಾಡಗೊಡದೆ ಆರಾಧನೆಯ ದಿನದಲ್ಲಿ ಫಲವನ್ನು ಕೇಳುವುದು ನ್ಯಾಯವಲ್ಲ. ಸಂಬಳವನ್ನು ತಿಂಗಳು ತಿಂಗಳಿಗೆ ತಪ್ಪದೆ ಕೊಡುವುದೂ, ಮೋಟಾರಿನ ದೊಡ್ಡ ರಿಪೇರಿಯ ಖರ್ಚನ್ನು ಸಭೆಯೇ ಹೊರುವುದೂ ಇದರಲ್ಲಿ ಸೇರಿದೆ. ತಾವೇ ಪಾನಾ ಹಿಡಿಯುವ ಸಭಾಪಾಲಕರನ್ನು ಮೆಚ್ಚುವ ನೆವದಿಂದ ಅವರ ಬಡತನವನ್ನು ಮೆಚ್ಚತಕ್ಕದ್ದಲ್ಲ. ಅಮ್ಮನವರನ್ನೂ ಮರೆಯಬಾರದು. ಅದೇ ಶನಿವಾರದಲ್ಲಿ ಅವರು ಬಟ್ಟೆ ಒಗೆದು, ಇಸ್ತ್ರಿ ಮಾಡಿ, ರವಿವಾರ ಬರುವ ಹತ್ತು ಜನರಿಗೆ ಕಾಳು ನೆನೆಹಾಕಿ, ಮಕ್ಕಳ ಬೈಬಲ್ ತರಗತಿಯ ಪಾಠವನ್ನೂ ನೋಡಿಕೊಳ್ಳುತ್ತಾರೆ. ಅವರ ಸಿದ್ಧತೆಗೆ ಯಾರೂ ಸಿದ್ಧತೆಯೆಂದು ಹೆಸರಿಡುವುದಿಲ್ಲ.

ಇನ್ನು ಶಾಲೆಯ ಮಾತು. ನಾವು ಇಷ್ಟೆಲ್ಲ ಬರೆದುದು ಇದಕ್ಕಾಗಿಯೇ ಎಂದರೂ ತಪ್ಪಿಲ್ಲ. ಶನಿವಾರ ನಮ್ಮ ಶಾಲೆ ಮುಂಜಾನೆ ಮಾತ್ರ. ಮಧ್ಯಾಹ್ನದಲ್ಲಿಯೂ ಹತ್ತನೆಯ ತರಗತಿಯ ಹುಡುಗಿಯರಿಗೆ ಐದು ಗಂಟೆಯ ವರೆಗೆ ಹೆಚ್ಚಿನ ಪಾಠಗಳನ್ನು ನಡಿಸಬೇಕೆಂದೂ, ಮುಂಜಾನೆಯ ಕಡೆಯ ತಾಸಿನ ಕೈಗೆಲಸವನ್ನು ನಿಲ್ಲಿಸಿ ಗಣಿತವನ್ನು ಸೇರಿಸಬೇಕೆಂದೂ ಅನೇಕ ಪಾಲಕರು ಕೇಳಿದ್ದಾರೆ. ಆ ತಾಸಿನಲ್ಲಿ ಹುಡುಗಿಯರು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಾರೆ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾರೆ, ಪಂಕ್ಚರು ತೆಗೆಯುವುದನ್ನು ಕಲಿಯುತ್ತಾರೆ. ಹೆಣ್ಣುಮಕ್ಕಳಿಗೆ ಈ ವಿದ್ಯೆ ಏಕೆಂಬುದು ಒಂದು ಆಕ್ಷೇಪ. ಪರೀಕ್ಷೆಯ ಅಂಕಗಳಿಗೆ ಇದರಿಂದೇನು ಲಾಭವೆಂಬುದು ಮತ್ತೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ೨೦೦೬-೦೭ರಲ್ಲಿ ಸರಕಾರವು ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡತೊಡಗಿದಾಗ ನಮ್ಮ ಹಳ್ಳಿಗಳ ಎಷ್ಟೋ ಹುಡುಗಿಯರಿಗೆ ಹೈಸ್ಕೂಲಿನ ದಾರಿ ತೆರೆಯಿತು. ಆದರೆ ಗಾಲಿ ಇಳಿದ ದಿನ ಅಣ್ಣನಿಗೋ ತಂದೆಗೋ ಬಿಡುವಾಗುವ ತನಕ ಸೈಕಲ್ಲು ಗೋಡೆಗೆ ಒರಗಿತು. ಹುಡುಗಿಯ ಪಾಠವೂ ಅದರೊಡನೆ ನಿಂತಿತು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ೧೯೯೦ರ ದಶಕದ ಆರಂಭದ ಸಾಕ್ಷರತಾ ಆಂದೋಲನವು ಓದುಬರಹದೊಡನೆ ಸೈಕಲ್ಲನ್ನೂ ಸೇರಿಸಿತು. ಸಾವಿರಾರು ಹಳ್ಳಿಯ ಸ್ತ್ರೀಯರು ಸವಾರಿ ಕಲಿತು ನೀರಿಗೂ ಪೇಟೆಗೂ ಕೆಲಸಕ್ಕೂ ತಾವೇ ಹೋಗತೊಡಗಿದರು. ಅಮೆರಿಕದ ಸೂಸನ್ ಆಂಥನಿಯವರು ೧೮೯೬ರಲ್ಲಿಯೇ ಸ್ತ್ರೀಯರ ಬಿಡುಗಡೆಗೆ ಸೈಕಲ್ಲು ಮಾಡಿದಷ್ಟು ಸಹಾಯವನ್ನು ಬೇರೊಂದು ವಸ್ತು ಮಾಡಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿದ್ದರು. ತನ್ನ ವಾಹನವನ್ನು ತಾನೇ ಸರಿಪಡಿಸಬಲ್ಲವಳಿಗೆ ಆ ಬಿಡುಗಡೆಯು ಪೂರ್ಣವಾಗುತ್ತದೆ.

ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಪರೀಕ್ಷೆಯೆಂಬುದು ಬಡವರ ಹೆಣ್ಣುಮಕ್ಕಳಿಗೆ ಮುಂದಿನ ಬಾಗಿಲಿನ ಬೀಗದ ಕೈ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಾಯಿಯೊಬ್ಬಳು ನಮಗೆ ಹೇಳಿದ ಮಾತು ಇನ್ನೂ ಭಾರವಾದುದು: “ಬಾಯಿಯವರ, ನೀವು ಮಧ್ಯಾಹ್ನಕ್ಕ ಬಿಟ್ಟರ ಅಕಿ ಓದಾಕ ಕುಂಡ್ರೂದಿಲ್ಲರಿ, ನಮ್ಮ ಮನ್ಯಾಗ ಬೀಡಿ ಸುತ್ತಾಕ ಕುಂಡ್ರಸತಾರ.” ಶಾಲೆಯ ಗೋಡೆಯೊಂದೇ ಹುಡುಗಿಯ ಕಾಲವನ್ನು ಕಾಯುತ್ತದೆಂಬುದು ಆಕೆಯ ಅನುಭವ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದುದರಿಂದ ಶನಿವಾರ ನಾಲ್ಕು ಗಂಟೆಯ ವರೆಗೆ ಶಾಲೆಯ ಗ್ರಂಥಾಲಯವನ್ನು ತೆರೆದಿಟ್ಟು, ಒಬ್ಬ ಶಿಕ್ಷಕಿಯ ಮೇಲ್ವಿಚಾರಣೆಯಲ್ಲಿ ಬಯಸುವವರು ಅಲ್ಲಿಯೇ ಕುಳಿತು ಓದಬಹುದೆಂದು ಏರ್ಪಾಡು ಮಾಡುತ್ತೇವೆ. ಆದರೆ ಪಾಠಗಳನ್ನು ನಡಿಸುವುದಿಲ್ಲ, ಕೈಗೆಲಸವನ್ನು ನಿಲ್ಲಿಸುವುದಿಲ್ಲ.

ಕಾರಣವನ್ನು ಹೇಳುತ್ತೇವೆ. ವಾರದ ಐದೂವರೆ ದಿನ ನಾವು ಹೇಳುವುದನ್ನು ಮಕ್ಕಳು ಕೇಳುತ್ತಾರೆ. ಕೇಳಿದುದು ತನ್ನದಾಗಬೇಕಾದರೆ ಯಾರೂ ಏನೂ ಹೇಳದ ಕೆಲವು ತಾಸು ಬೇಕು. ಸೊಲ್ಯೂಶನ್ ಆರುವ ಕಾಲವೆಂದರೆ ಅದೇ. ತರಬೇತಿಯ ದಿನಗಳಿಂದ ಇಂದಿನ ವರೆಗೆ ನಾವು ಕಂಡ ಮಟ್ಟಿಗೆ, ಬೆಳಗಿನಿಂದ ರಾತ್ರಿಯ ತನಕ ಪಾಠವನ್ನೇ ನುಂಗಿದ ಹುಡುಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ ಕೂಡಲೆ ದಿಕ್ಕುಗಾಣದೆ ನಿಲ್ಲುತ್ತಾಳೆ. ಸಮಯವನ್ನು ತಾನೇ ಹಂಚಿಕೊಂಡು ಕಲಿತವಳು ಯೋಚಿಸಿ ದಾರಿ ಕಾಣುತ್ತಾಳೆ. ಅರಣ್ಯದಲ್ಲಿ ಇಸ್ರಾಯೇಲರಿಗೆ ಆರನೆಯ ದಿನ ಎರಡರಷ್ಟು ಮನ್ನ ದೊರೆಯುತ್ತಿತ್ತು. ಅದನ್ನು ಕೂಡಿಸಿ ಬೇಯಿಸಿಟ್ಟುಕೊಳ್ಳುವ ಕೆಲಸ ಮಾತ್ರ ಅವರವರದೇ ಆಗಿತ್ತು.

ಪಾಲಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಶನಿವಾರ ಮನೆಗೆ ಬಂದ ಮಗಳಿಗೆ ಮನೆಗೆಲಸ ಹೇಳಿರಿ; ಹೇಳುವುದು ಯೋಗ್ಯವೇ. ಆದರೆ ಅವಳ ಅಣ್ಣತಮ್ಮಂದಿರಿಗೂ ಅಷ್ಟೇ ಹೇಳಿರಿ, ಮತ್ತು ಇಬ್ಬರಿಗೂ ಎರಡು ತಾಸು ನಿರಾತಂಕವಾಗಿ ಬಿಡಿರಿ. ಆ ತಾಸುಗಳಲ್ಲಿ ಅವಳು ಏನು ಮಾಡುತ್ತಾಳೆಂದು ಪದೇ ಪದೇ ಕೇಳಬೇಡಿರಿ. ಸೈಕಲ್ಲು ಕೆಟ್ಟರೆ ಅವಳ ಕೈಗೇ ಪಾನಾ ಕೊಡಿರಿ. ನಿಮ್ಮ ಊರಿನ ಸಭಾಪಾಲಕರಿಗೂ ಶನಿವಾರದ ಸಂಜೆಯನ್ನು ಬಿಟ್ಟುಕೊಡಿರಿ. ಕಮಿಟಿಗಳು ಗುರುವಾರ ಕೂಡಿದರೆ ಏನೂ ಕೆಡುವುದಿಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಸಮೀಪದ ಊರುಗಳಲ್ಲಿರುವವರು ತಿಂಗಳಿಗೊಂದು ಶನಿವಾರ ಬಂದು ಗ್ರಂಥಾಲಯದಲ್ಲಿ ಕುಳಿತರೆ ನಮ್ಮ ಶಿಕ್ಷಕಿಯರಿಗೂ ತಮ್ಮ ಮುಂದಿನ ವಾರದ ಪಾಠಗಳನ್ನು ಸಿದ್ಧಪಡಿಸಲು ಬಿಡುವು ದೊರೆಯುವುದು. ಬರಲು ಒಪ್ಪುವವರು ತಮ್ಮ ಹೆಸರನ್ನೂ ಅನುಕೂಲವಾದ ಶನಿವಾರವನ್ನೂ ಶಾಲೆಯ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.